ಮಳೆ ಬಂದ ದಿನ ಮಾತ್ರ ನುಡಿದ ಪೆಟ್ಟಿಗೆ

“ಅಪ್ಪನ ಮಗ್ಗ ನಿಲ್ಸಿ, ಅದೇ ಮಗ್ಗದ ಗುಂಡಿಯಾಗೆ ಆ ಪೆಟ್ಟಿಗೆ ಇಟ್ಕಂಡು ಗಿಟಾರ್ ಬಾರಿಸ್ದ. ಮಗ್ಗ ಸುಮ್ನೆ ಬಿಡ್ತೈತಾ? ಚಳ್ಳಕೆರೆಗೆ ತಗಂಡೋದ್ರೆ ಹುಲಿ ಥರ ಗರ್ಜಿಸ್ತಿತ್ತು, ಮನೀಗೆ ತಂದ್ರೆ ಬಾಯೇ ಬಿಡ್ತಿರ್ಲಿಲ್ಲ. ಮಳೆ ಬಂದು ಸತ್ತ ಅಪ್ಪನ ಸಿಟ್ಟು ತಣ್ಣಗಾದ ದಿನ ಮಾತ್ರ ಒಂದೀಟು ನುಡೀತಿತ್ತು. ಕೊನೀಗೆ ಪೂರಾ ಮೂಕ ಆತು.”

ಕಳೆದ ತಿಂಗಳು ಮೊಳಕಾಲ್ಮೂರಿನ ಬಸ್ ನಿಲ್ದಾಣದ ಎದುರಿನ ಚಹಾ ಅಂಗಡಿಯಲ್ಲಿ ಈ ಮಾತನ್ನು ನನಗೆ ಹೇಳಿದವರು ಪಕ್ಕದಲ್ಲಿ ಕುಳಿತಿದ್ದ ಒಬ್ಬ ನೇಕಾರರು. ನಾನು ಯಾರೆಂಬುದು ಅವರಿಗೆ ತಿಳಿದಿರಲಿಲ್ಲ. ಯಾವ ಪೆಟ್ಟಿಗೆ ಎಂದು ಕೇಳಿದೆ. ಗಿಟಾರಿನ ಸದ್ದು ದೊಡ್ಡದು ಮಾಡುವ ಕರೆಂಟಿನ ಪೆಟ್ಟಿಗೆ, ಒಳಗೆ ಗಾಜಿನ ಬುಡ್ಡಿಗಳು ಉರಿಯುತ್ತವೆ ಎಂದರು. ಮಗ್ಗದ ಶಾಪವನ್ನು ಯಾರು ಕಂಡಿದ್ದಾರೆ ಎಂದು ಕೇಳಿದೆ. ಊರಿಗೇ ಗೊತ್ತು ಎಂದರು. ಊರಿಗೇ ಗೊತ್ತಿರುವ ಸಂಗತಿಗಳ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಆದರೆ ಈ ಕಥೆಯ ವಿಚಿತ್ರವೆಂದರೆ ಇದರಲ್ಲಿರುವ ಸಂಗತಿಗಳೆಲ್ಲ ನಿಜ. ಮಗ್ಗ ನಿಂತದ್ದು ನಿಜ, ಗುಂಡಿಯಲ್ಲಿ ಪೆಟ್ಟಿಗೆ ಇಟ್ಟದ್ದು ನಿಜ, ಅದು ಚಳ್ಳಕೆರೆಯಲ್ಲಿ ನುಡಿದು ಮೊಳಕಾಲ್ಮೂರಿನಲ್ಲಿ ನುಡಿಯದೆ ಹೋದದ್ದೂ ನಿಜ. ಮಳೆಯ ವಿಷಯವಂತೂ ನಾನೇ ಕಿವಿಯಾರೆ ಕೇಳಿ ಖಚಿತಪಡಿಸಿಕೊಂಡದ್ದು. ತೀರ್ಮಾನವೊಂದೇ ಸುಳ್ಳು. ಆ ಸುಳ್ಳು ಬೆಳೆಯುವುದನ್ನು ಮೂರು ವರ್ಷ ಬಾಯಿ ಮುಚ್ಚಿಕೊಂಡು ನೋಡಿದ್ದೇನೆ.

ಮೂರು ವರ್ಷದ ಹಿಂದಿನ ಆಷಾಢ. ನಮ್ಮ ಕಡೆಯ ಆಷಾಢವೆಂದರೆ ಮಳೆಯಲ್ಲ, ಗಾಳಿ. ಶೇಂಗಾ ಬಿತ್ತಿದ ಹೊಲಗಳ ಮೇಲಿನ ಮಣ್ಣನ್ನೇ ಎತ್ತಿಕೊಂಡು ಬಂದು ಊರೊಳಗೆ ಸುರಿಯುವ ಒಣ ಗಾಳಿ. ಆ ವರ್ಷ ಅದು ಎಂದಿಗಿಂತ ಹೆಚ್ಚಾಗಿತ್ತು. ಅಂಥ ಒಂದು ಮಧ್ಯಾಹ್ನ ಕೌದಿಯಲ್ಲಿ ಸುತ್ತಿದ ಭಾರವಾದ ಪೆಟ್ಟಿಗೆಯೊಂದನ್ನು ಆಟೋದಿಂದ ಇಳಿಸಿಕೊಂಡು ಒಬ್ಬಾತ ನನ್ನ ಕೋಣೆಯ ಬಾಗಿಲಿಗೆ ಬಂದ. ನಿಂತುಹೋದ ನಮ್ಮ ಎಣ್ಣೆ ಗಿರಣಿಯ ಹಿಂಬದಿಯಲ್ಲಿ ನನ್ನದೊಂದು ಕೋಣೆ ಇದೆ. ಶಾಲೆಯನ್ನು ಬೇಗ ಬಿಟ್ಟವನು ನಾನು. ಶೇಂಗಾ ವ್ಯಾಪಾರದ ನಡುವೆ ಗಾಜಿನ ಬುಡ್ಡಿ ಉರಿಯುವ ಹಳೆಯ ವಾಲ್ವ್ ರೇಡಿಯೋಗಳನ್ನು ಬಿಚ್ಚಿ ಕಟ್ಟುವುದನ್ನು ಪುಸ್ತಕ ನೋಡಿಕೊಂಡು, ಆಗಾಗ ಕರೆಂಟಿನ ಏಟು ತಿಂದು ಆ ಕೋಣೆಯಲ್ಲಿಯೇ ಕಲಿತೆ.

ಬಂದಾತನ ಹೆಸರು ಚೌಡೇಶ. ಮೊಳಕಾಲ್ಮೂರಿನ ನೇಕಾರರ ಕೇರಿಯವನು, ನಲವತ್ತು ದಾಟಿದವನು. ತಂದೆ ಇರುವವರೆಗೆ ರೇಷ್ಮೆ ಸೀರೆ ನೇಯ್ದಿದ್ದ. ತಂದೆ ತೀರಿಕೊಂಡ ಮೇಲೆ ಮಗ್ಗ ನಿಲ್ಲಿಸಿ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಮದುವೆಗಳ ಆರ್ಕೆಸ್ಟ್ರಾಗಳಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಗಿಟಾರ್ ನುಡಿಸುವುದು ಅವನ ಹಳೆಯ ಅಭ್ಯಾಸ. ಅಲ್ಲಿ ಅವನಿಗೆ ಜನ ಹೇಳುತ್ತಿದ್ದದ್ದು ಒಂದೇ ಮಾತು, ಸೌಂಡು ಕಮ್ಮಿ ಮಾಡಪ್ಪ.

“ಯಜಮಾನ್ರೆ, ವಾಲ್ವ್ ಮುಟ್ಟೋರು ಈ ಕಡೆ ನೀವೊಬ್ರೇ ಅಂದ್ರು. ಬೆಂಗ್ಳೂರ್ನೋರು ಬಿಟ್ಟೋಗು, ನೋಡಿ ಹೇಳ್ತೀವಿ ಅಂತಾರೆ. ಬಿಟ್ಟೋಗಾಕೆ ನನ್ ಹತ್ರ ಟೈಮಿಲ್ಲ,” ಎಂದ.

ಟೈಮಿನ ಕಥೆ ಹೀಗಿತ್ತು. ಬಳ್ಳಾರಿಯಲ್ಲಿ ಒಂದು ವಾದ್ಯತಂಡವಿತ್ತು. ಸಿನಿಮಾ ಹಾಡಿನವರಲ್ಲ, ಕಿವಿ ತುಂಬುವ, ಎದೆ ಅದುರಿಸುವ ಗಿಟಾರಿನ ಸಂಗೀತದವರು. ಅವರ ಗಿಟಾರಿನವನು ತನ್ನ ಪೆಟ್ಟಿಗೆಯ ಸಮೇತ ಬೇರೆ ಕಡೆ ಹೊರಟಿದ್ದ. ಅವನ ಜಾಗಕ್ಕೆ ಚೌಡೇಶನನ್ನು ಕೇಳಿದ್ದರು. ನಿನ್ನ ಬೆರಳಿನ ಕೆಲಸ ಒಪ್ಪಿಗೆಯಾಗಿದೆ, ಸ್ವಂತ ಪೆಟ್ಟಿಗೆಯೊಂದಿಗೆ ನವರಾತ್ರಿಗೆ ಬಂದು ಎರಡು ಹಾಡು ನುಡಿಸಿ ತೋರಿಸು ಎಂದಿದ್ದರು. ಅದಕ್ಕೆಂದೇ ಅವನು ಬೆಂಗಳೂರಿನಲ್ಲಿ ಯಾರೋ ಬಳಸಿ ಬಿಟ್ಟ ವಿದೇಶಿ ವಾಲ್ವ್ ಆಂಪ್ಲಿಫೈಯರ್ ಕೊಂಡು ತಂದಿದ್ದ. ತಂದ ಮೊದಲ ವಾರ ಚೆನ್ನಾಗಿತ್ತಂತೆ. ಆಮೇಲೆ ಗರ್ಜನೆಯ ನಡುವೆ ಪಟ್, ಪಟ್ ಎಂಬ ಸದ್ದು, ಸ್ವರ ಹರಿದು ಹೋಗುವುದು, ಕೆಲವು ಸಲ ಪೂರ್ತಿ ಮೌನ.

“ಇಪ್ಪತ್ತು ವರ್ಷದಿಂದ ಯಾರೂ ಕರೆದಿಲ್ಲ, ಈಗ ಕರ್ದವ್ರೆ. ಇದು ತಪ್ಪಿದ್ರೆ ಈ ವಯಸ್ನಾಗೆ ಇನ್ಯಾರು ಕರೀತಾರೆ?”

ನಾನು ಗಿಟಾರಿನ ಪೆಟ್ಟಿಗೆಯನ್ನು ಅದಕ್ಕೆ ಮೊದಲು ಬಿಚ್ಚಿದವನಲ್ಲ. ಆದರೆ ವಾಲ್ವ್ ಎಲ್ಲಿದ್ದರೂ ವಾಲ್ವೇ. ರೇಡಿಯೋದಲ್ಲಿ ಸಣ್ಣ ದನಿಯನ್ನು ಎರಡು ಮೆಟ್ಟಿಲಲ್ಲಿ ಹಿಗ್ಗಿಸಿದರೆ ಈ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ವಾಲ್ವ್ ನಿಲ್ಲಿಸಿ, ದನಿ ಒಡೆದು ಗರ್ಜನೆಯಾಗುವಷ್ಟು ಹಿಗ್ಗಿಸುತ್ತಾರೆ. ಒಳ್ಳೆಯದು ಹಿಗ್ಗಿದ ಹಾಗೆಯೇ ಕೆಟ್ಟದ್ದೂ ಹಿಗ್ಗುತ್ತದೆ. ಕೂದಲೆಳೆಯಷ್ಟು ವಿದ್ಯುತ್ತು ತನ್ನ ದಾರಿ ಬಿಟ್ಟು ಪಕ್ಕಕ್ಕೆ ಸೋರಿದರೂ ಹೊರಗೆ ಅದು ಗುಡುಗು. ಇದನ್ನೆಲ್ಲ ಅವನಿಗೆ ವಿವರಿಸಿ, ಪೆಟ್ಟಿಗೆಗೆ ಕರೆಂಟು ಕೊಟ್ಟು, ವಾಲ್ವ್‌ಗಳು ಕೆಂಪಗಾಗುವವರೆಗೆ ಕಾದು, ನುಡಿಸಪ್ಪ ಎಂದೆ.

ಅದು ನುಡಿಯಿತು. ತೊಲೆಯ ಸಂದಿಯಲ್ಲಿದ್ದ ಶೇಂಗಾ ಸಿಪ್ಪೆಯ ಹಳೆಯ ಧೂಳು ನಮ್ಮಿಬ್ಬರ ತಲೆಯ ಮೇಲೆ ಉದುರಿತು. ಪಕ್ಕದಲ್ಲಿ ಬೋರ್‌ವೆಲ್ ಮೋಟಾರುಗಳ ತಂತಿ ಸುತ್ತುವ ಅಂಗಡಿಯ ಖಾದರ್ ಸಾಬ್ ಕೈಯಲ್ಲಿದ್ದ ತಂತಿ ಬಿಟ್ಟು ಓಡಿ ಬಂದರು.

“ಕ್ಯಾ ಹುವಾ ಸಾವ್ಕಾರ್, ಗಿರಣಿ ಚಾಲೂ ಆಯ್ತಾ?”

ಗಿರಣಿಯಲ್ಲ, ಗಿಟಾರು ಎಂದೆ. ಅವರು ಪೆಟ್ಟಿಗೆಯನ್ನೂ ಚೌಡೇಶನ ಸಣ್ಣ ದೇಹವನ್ನೂ ನೋಡಿ, ಇಷ್ಟು ಸದ್ದಿಗೆ ನಮ್ಮಲ್ಲಿ ಐದು ಹಾರ್ಸ್‌ಪವರ್ ಬೇಕು ಎಂದು ಹೊರಟುಹೋದರು. ಚೌಡೇಶ ಮಾತ್ರ ನಗಲಿಲ್ಲ. ಒಂದು ಗಂಟೆ ನುಡಿಸಿದ, ಒಂದು ಪಟ್ ಸದ್ದೂ ಇಲ್ಲ. ಕೆಟ್ಟ ವಸ್ತು ವೈದ್ಯನ ಮುಂದೆ ಸರಿಹೋದಾಗ ಸಂತೋಷಪಡುವವನು ವಸ್ತುವಿನ ಒಡೆಯನಲ್ಲ. ಮನೆಗೆ ಹೋದ ಮೇಲೆ ಏನಾಗುತ್ತದೆಂದು ಅವನಿಗೆ ಗೊತ್ತಿರುತ್ತದೆ.

ಹಾಗೆಯೇ ಆಯಿತು. ಮರುದಿನ ಸಂಜೆ ಫೋನಿನಲ್ಲಿ ಪಟ್, ಪಟ್ ಸದ್ದನ್ನು ಅವನೇ ಕೇಳಿಸಿದ.

ಅಲ್ಲಿಂದ ಮುಂದೆ ಭಾದ್ರಪದದವರೆಗೆ ಆ ಪೆಟ್ಟಿಗೆ ಮೊಳಕಾಲ್ಮೂರಿಗೂ ಚಳ್ಳಕೆರೆಗೂ ನಡುವೆ ಖಾಸಗಿ ಬಸ್ಸಿನಲ್ಲಿ ಓಡಾಡಿದ್ದೇ ಓಡಾಡಿದ್ದು. ಅದರ ಭಾರಕ್ಕೆ ಮೇಲೆ ಹಾಕುವ ಹಾಗಿಲ್ಲ, ಕಾಲಡಿ ಇಟ್ಟರೆ ಜನ ಬೈಯುತ್ತಾರೆ. ಹಾಗಾಗಿ ಡ್ರೈವರಿನ ಪಕ್ಕದಲ್ಲಿ, ಎಂಜಿನ್ನಿನ ಮುಚ್ಚಳದ ಮೇಲೆ ಅದರ ಸವಾರಿ. ಹಾನಗಲ್, ತಳಕು ದಾಟಿ ಇಲ್ಲಿಗೆ ಬರುವಷ್ಟರಲ್ಲಿ ಪೆಟ್ಟಿಗೆಯ ತಳ ಒಲೆಯ ಮೇಲಿನ ಹಂಚಿನಂತೆ ಕಾದಿರುತ್ತಿತ್ತು. ಇಳಿಸಿಕೊಂಡು ಕರೆಂಟು ಕೊಟ್ಟರೆ ನಿರ್ಮಲವಾದ ಗರ್ಜನೆ.

ನಾನು ಮಾಡದ ಪರೀಕ್ಷೆಯಿಲ್ಲ. ಬಿದಿರಿನ ಕಡ್ಡಿಯಿಂದ ಒಂದೊಂದೇ ವಾಲ್ವನ್ನು ತಟ್ಟಿ ನೋಡಿದೆ. ವಾಲ್ವ್‌ಗಳ ಜಾಗ ಬದಲಿಸಿದೆ. ಬೆಂಗಳೂರಿನಿಂದ ಹೊಸದನ್ನು ತರಿಸಿ ಹಾಕಿದೆ. ಹೊಸದೂ ಚಳ್ಳಕೆರೆಯಲ್ಲಿ ನುಡಿಯಿತು, ಮೊಳಕಾಲ್ಮೂರಿನಲ್ಲಿ ಹರಿಯಿತು. ಅದು ಡೂಪ್ಲಿಕೇಟ್ ವಾಲ್ವ್ ಎಂಬ ಮಾತೂ ಆಗ ಹುಟ್ಟಿತ್ತು, ಅದಕ್ಕೂ ಆಧಾರವಿಲ್ಲ: ಅದೇ ವಾಲ್ವ್ ಇಂದಿಗೂ ನನ್ನ ಕೋಣೆಯ ರೇಡಿಯೋದಲ್ಲಿ ಕೆಲಸ ಮಾಡುತ್ತಿದೆ. ಬೆಸುಗೆಗಳನ್ನೆಲ್ಲ ಮತ್ತೆ ಹಾಕಿದೆ. ಕೆಪಾಸಿಟರ್‌ಗಳನ್ನು ಬದಲಿಸಿದೆ. ಅವನ ಮನೆಯ ಅರ್ಥಿಂಗ್ ಸರಿಯಿಲ್ಲವೆಂದು ಹೇಳಿ ಹೊಸದಾಗಿ ಹಾಕಿಸಿದೆ. ಯಾವುದೂ ಉಪಯೋಗಕ್ಕೆ ಬರಲಿಲ್ಲ. ದೋಷ ನನ್ನ ಕೈಗೆ ಸಿಗುವ ಊರಿಗೆ ಬರುತ್ತಲೇ ಇರಲಿಲ್ಲ.

ಪೆಟ್ಟಿಗೆಯನ್ನು ಮನೆಯಲ್ಲಿ ಎಲ್ಲಿ ಇಡುತ್ತೀ ಎಂದು ಮೊದಲ ವಾರವೇ ಕೇಳಿದ್ದೆ. ಮಗ್ಗದ ಗುಂಡಿಯಲ್ಲಿ ಎಂದಿದ್ದ. ಅವರ ಕೇರಿಯ ಮಗ್ಗಗಳು ನೆಲದೊಳಗಿನ ಗುಂಡಿಯ ಮಗ್ಗಗಳು. ನೇಯುವವನು ನೆಲದ ಮಟ್ಟದಲ್ಲಿ ಕುಳಿತು ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು ತುಳಿಯುತ್ತಾನೆ. ಪೆಟ್ಟಿಗೆಯನ್ನು ನಡುಮನೆಯಲ್ಲಿಟ್ಟು ನುಡಿಸಿದ ದಿನವೇ ಗೋಡೆಯಾಚೆಯ ಮನೆಯವರು ಬಂದು, ನಿನ್ನ ಸದ್ದಿಗೆ ನಮಗೆ ಎಳೆಯ ಲೆಕ್ಕ ತಪ್ಪುತ್ತದೆ, ಅಂಚಿನ ಹೂವು ಕೆಡುತ್ತದೆ ಎಂದಿದ್ದರಂತೆ. ಅವನೂ ನೇಕಾರನೇ, ಅದರ ಕಷ್ಟ ಗೊತ್ತು. ತಂದೆಯ ಮಗ್ಗದ ಹಲಗೆ ಸರಿಸಿ ಪೆಟ್ಟಿಗೆಯನ್ನು ಗುಂಡಿಗಿಳಿಸಿದ. ಸದ್ದನ್ನು ಮಣ್ಣು ನುಂಗಿಕೊಂಡಿತು. ನೆರೆಯವರು ಸುಮ್ಮನಾದರು. ಗುಂಡಿಗೆ ಪೆಟ್ಟಿಗೆ ಬಂದದ್ದು ಹೀಗೆ, ನೆರೆಹೊರೆಯ ಮೇಲಿನ ಗೌರವದಿಂದ. ಅಪ್ಪನ ಮಗ್ಗದ ಮೇಲಿನ ತಾತ್ಸಾರದಿಂದಲ್ಲ.

ಗುಂಡಿಯಲ್ಲಿ ತೇವ ಇದೆಯೇ ಎಂದೂ ಕೇಳಿದ್ದೆ. ನಮ್ಮೂರ್ನಾಗೆ ಕುಡಿಯಾಕೇ ನೀರಿಲ್ಲ, ತೇವ ಎಲ್ಲಿಂದ ಬರ್ಬೇಕು ಯಜಮಾನ್ರೆ ಎಂದು ನಕ್ಕಿದ್ದ. ಆ ಗಾಳಿಯಲ್ಲಿ, ತುಟಿ ಒಡೆಯುವ ಆ ಆಷಾಢದಲ್ಲಿ ನನಗೂ ಅದು ಸರಿಯೆನಿಸಿತ್ತು. ಆಮೇಲೆ ಶ್ರಾವಣದಲ್ಲಿ ಎರಡು ದಿನ ಜಡಿಮಳೆ ಹಿಡಿಯಿತು. ಆ ಎರಡನೆಯ ದಿನದ ಸಂಜೆ ಅವನು ಫೋನ್ ಮಾಡಿ, ಫೋನನ್ನು ಗುಂಡಿಯ ಬಾಯಿಗೆ ಹಿಡಿದು, ಒಂದು ಇಡೀ ಹಾಡು ನುಡಿಸಿದ. ಒಂದು ಎಳೆಯೂ ಹರಿಯಲಿಲ್ಲ. ಹಿಂದೆ ಮಾಡಿನ ಮೇಲೆ ಮಳೆಯ ಸದ್ದು, ಮುಂದೆ ಗಿಟಾರು. ಬಿಸಿಲು ಬಂದ ಮೂರನೆಯ ದಿನ ಮತ್ತೆ ಪಟ್, ಪಟ್. ಮಳೆಯಲ್ಲಿ ಸರಿಯಿದ್ದು ಬಿಸಿಲಲ್ಲಿ ಕೆಡುವ ಯಂತ್ರಕ್ಕೆ ತೇವದ ರೋಗ ಇರಲಾರದು ಎಂದು ಯಾವ ಪುಸ್ತಕ ಓದಿದವನಾದರೂ ಹೇಳುತ್ತಾನೆ. ನಾನೂ ಹಾಗೆಯೇ ತೀರ್ಮಾನಿಸಿ ಆ ದಾರಿಯನ್ನು ಮುಚ್ಚಿದೆ. ಕೇರಿಯವರು ಅದೇ ಸಂಗತಿಯಿಂದ, ಸತ್ತವನ ಸಿಟ್ಟು ಮಳೆಗೆ ಆರುತ್ತದೆ ಎಂದು ತೀರ್ಮಾನಿಸಿದರು. ಕಂಡದ್ದು ಒಂದೇ, ನನ್ನ ಊಹೆಯೂ ಅವರ ಊಹೆಯೂ ನಿಜದಿಂದ ಸಮಾನವಾಗಿ ದೂರ ಹೋಗಿದ್ದವು.

ಶಾಪದ ಮಾತು ಹಬ್ಬುವ ಹೊತ್ತಿಗೆ ಚೌಡೇಶ ಇಳಿದುಹೋಗಿದ್ದ. ನಡುವೆ ಒಂದು ದಿನ ಬಂದವನು ಪೆಟ್ಟಿಗೆ ತಂದಿರಲಿಲ್ಲ; ಸುಮ್ಮನೆ ಕುಳಿತು, “ನಿಮ್ಗೆ ನಂಬ್ಕೆ ಇಲ್ಲ ಗೊತ್ತು. ಆದ್ರೂ ಕೇಳ್ತೀನಿ. ಸತ್ತೋರು ಹಿಂಗ್ ಮಾಡ್ತಾರಾ?” ಎಂದ. ಮಾಡುವುದಿಲ್ಲ ಎಂದೆ. ಹಾಗಾದರೆ ಯಾರು ಮಾಡುತ್ತಿದ್ದಾರೆ ಎಂದು ಅವನು ಕೇಳಲಿಲ್ಲ. ಎದ್ದು ಬಸ್ಸಿಗೆ ಹೋದ.

ಗಣೇಶನನ್ನು ಬಿಟ್ಟ ಮೇಲೆ, ನವರಾತ್ರಿ ಹತ್ತಿರವಾದಾಗ, ಉಳಿದ ಒಂದೇ ಊಹೆಯನ್ನು ಹಿಡಿದುಕೊಂಡು ನಾನೇ ಮೊಳಕಾಲ್ಮೂರಿಗೆ ಹೋದೆ. ಹಗಲಿನಲ್ಲಿ ತೋಟಗಳ ಪಂಪುಗಳು ಓಡುವಾಗ ಆ ಲೈನಿನ ವೋಲ್ಟೇಜು ಬಿದ್ದು ಎದ್ದು ಯಂತ್ರಕ್ಕೆ ಪೆಟ್ಟು ಬೀಳುತ್ತಿರಬಹುದು. ಇಡೀ ಹಗಲು ಕುಳಿತು ಮೀಟರು ನೋಡಬೇಕು ಎಂಬುದು ನನ್ನ ಯೋಜನೆ. ಚೌಡೇಶ ನನ್ನನ್ನು ಗುಂಡಿಯ ಪಕ್ಕ ಚಾಪೆ ಹಾಕಿ ಕೂರಿಸಿ ಅಂಗಡಿಗೆ ಹೋದ. ಮನೆಯಲ್ಲಿ ಉಳಿದವರು ಅವನ ತಾಯಿ ರಾಮಕ್ಕ. ಮನೆಮಾತು ತೆಲುಗು, ನನ್ನೊಂದಿಗೆ ಕನ್ನಡ, ನಡುವೆ ಮರೆತಾಗ ತೆಲುಗು.

ಮಗ ಹೋದ ಸ್ವಲ್ಪ ಹೊತ್ತಿಗೆ ಆಕೆ ಹಿತ್ತಲಿನಿಂದ ಒಂದು ಗೋಣಿತಟ್ಟನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದರು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಸ್ವಲ್ಪ ಸರಿಯಣ್ಣಾ ಎಂದು ನನ್ನನ್ನು ಪಕ್ಕಕ್ಕೆ ಸರಿಸಿ, ಗುಂಡಿಗಿಳಿದು, ಅದರ ಗೋಡೆಯಲ್ಲಿದ್ದ ಎರಡು ಮೊಳೆಗಳಿಗೆ ತಟ್ಟನ್ನು ತೂಗುಹಾಕಿದರು. ಪೆಟ್ಟಿಗೆಯ ಬೆನ್ನು ತೆರೆದಿರುವ ಕಡೆ, ವಾಲ್ವ್‌ಗಳಿಂದ ಗೇಣು ದೂರದಲ್ಲಿ. ಆಮೇಲೆ ಚೊಂಬಿನಿಂದ ಗುಂಡಿಯ ಗೋಡೆಗಳಿಗೆ ನೀರು ಚಿಮುಕಿಸಿದರು. ಎಷ್ಟು ಎಚ್ಚರವೆಂದರೆ ಪೆಟ್ಟಿಗೆಯ ಮೇಲೆ ಒಂದು ಹನಿ ಬೀಳಲಿಲ್ಲ.

ಇದೇನಮ್ಮ ಎಂದು ಕೇಳಿದೆ. 

“ಎಂಡಿಪೋಯಿಂದಣ್ಣಾ, ಒಣಗೋಗೈತೆ. ಈ ಗಾಳೀಗೆ ರೇಷ್ಮೆ ಎಳೆ ಪಟ್ ಪಟ್ ಅಂತ ಹರೀತಾವಲ್ಲ, ಕೇಳಿಲ್ವಾ ನೀವು? ಇದ್ರಾಗೂ ಹಂಗೇ ಹರೀತೈತೆ. ಮೊದ್ಲೇ ಒಲೆ ಥರ ಕಾಯೋ ಪೆಟ್ಟಿಗೆ. ತಂಪು ಕೊಡ್ದಿದ್ರೆ ಹೆಂಗ್ ತಡೀತೈತೆ?”

ಆ ಕೇರಿಯ ಪ್ರತಿ ಮನೆಯಲ್ಲೂ ಒಣ ಗಾಳಿಯ ದಿನಗಳಲ್ಲಿ ಇದನ್ನೇ ಮಾಡುತ್ತಾರೆ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ರೇಷ್ಮೆಯ ಹಾಸು ಒಣಗಿದರೆ ಎಳೆ ತುಂಡಾಗುತ್ತದೆ. ಅದಕ್ಕೆ ಗುಂಡಿಯಲ್ಲಿ ಒದ್ದೆ ಗೋಣಿತಟ್ಟು ತೂಗುತ್ತಾರೆ, ಗೋಡೆ ನೆನೆಸುತ್ತಾರೆ. ಗಂಡ ನೇಯುತ್ತಿದ್ದಷ್ಟು ಕಾಲ ಅದು ರಾಮಕ್ಕನ ಕೆಲಸವೇ ಆಗಿತ್ತು. ಮಗನ ಪೆಟ್ಟಿಗೆಯಲ್ಲಿ ಪಟ್ ಎಂಬ ಸದ್ದು ಕೇಳಿದ ದಿನ ಆಕೆಗೆ ರೋಗವೂ ಗೊತ್ತಾಯಿತು, ಔಷಧವೂ ಗೊತ್ತಾಯಿತು. ಮಗ ಅಂಗಡಿಗೆ ಹೋದ ಮೇಲೆ ಹಾಕುವುದು, ಅವನು ಸಂಜೆ ಬರುವಷ್ಟರಲ್ಲಿ ತೆಗೆಯುವುದು. ನುಡಿಸುವಾಗ ಅವನ ಕಾಲಿಗೆ ತೊಡರಬಾರದಲ್ಲ. ಸದ್ದು ಹೆಚ್ಚಾದ ಹಾಗೆ ಎರಡು ಸಲ, ಮೂರು ಸಲ ನೆನೆಸಿದರು. ಪೆಟ್ಟಿಗೆ ಕಾಯುವುದು ಕಂಡು, ಪಟ್ ಎನ್ನುವ ಮೊದಲೇ ಗೋಡೆಗಷ್ಟೇ ಚಿಮುಕಿಸುತ್ತಿದ್ದೆ, ಪಟ್ ಎಂದ ಮೇಲೆ ತಟ್ಟು ಹಾಕಲು ಶುರುಮಾಡಿದೆ ಎಂದು ಆಕೆಯೇ ಹೇಳಿದರು.

ಮಳೆ ಬಂದ ದಿನ ಹಾಕುತ್ತೀರಾ ಎಂದು ಕೇಳಿದೆ.

“ಮಳೆ ಬಂದ್ರೆ ಯಾತಕ್ಕೆ? ಗಾಳಿನೇ ತಂಪಿರ್ತೈತೆ. ಆವತ್ತು ಯಾವ ಮನೆಯಾಗೂ ಹಾಕಲ್ಲ,” ಎಂದರು, ಇದೂ ಗೊತ್ತಿಲ್ಲವೇ ಎನ್ನುವಂತೆ.

ಮಳೆ-ಬಿಸಿಲಿನ ಲೆಕ್ಕವೆಲ್ಲ ಆ ಕ್ಷಣ ಸರಿಹೋಯಿತು. ತೇವ ವಾಲ್ವ್ ಕೂರುವ ಬುಡಗಳಲ್ಲಿ ಸೇರಿಕೊಂಡು ವಿದ್ಯುತ್ತಿಗೆ ಕಳ್ಳದಾರಿ ಮಾಡಿಕೊಡುತ್ತಿತ್ತು. ಬಸ್ಸಿನ ಎಂಜಿನ್ನು ಅದನ್ನು ಒಣಗಿಸಿ ನನ್ನ ಬಳಿಗೆ ಕಳಿಸುತ್ತಿತ್ತು. ಮಳೆಯ ದಿನ ಗುಂಡಿಯಲ್ಲಿ ಒದ್ದೆ ತಟ್ಟೂ ಇರುತ್ತಿರಲಿಲ್ಲ, ನೆನೆದ ಗೋಡೆಯೂ ಇರುತ್ತಿರಲಿಲ್ಲ. ದೋಷ ಹಿಡಿದೆನೆಂಬ ಸಂತೋಷ ಒಂದಿಷ್ಟೂ ಆಗಲಿಲ್ಲ. ಆಕೆ ಸೆರಗಿನಿಂದ ಕೈ ಒರೆಸಿಕೊಂಡು, ಪೆಟ್ಟಿಗೆಯನ್ನು ಎಳೆಗೂಸನ್ನು ನೋಡುವ ಹಾಗೆ ಒಮ್ಮೆ ನೋಡಿ, ನಿಮಗೆ ಕಾಫಿಯೋ ಟೀಯೋ ಎಂದು ಕೇಳಿದರು. ನಾನು ಟೀ ಎಂದೆ. ಸಂಜೆಯವರೆಗೆ ಆ ಒದ್ದೆ ತಟ್ಟಿನ ಮುಂದೆ, ಯಾವ ಉಪಯೋಗಕ್ಕೂ ಬಾರದ ಮೀಟರನ್ನು ಹಿಡಿದುಕೊಂಡು ಕುಳಿತಿದ್ದೆ.

ಚೌಡೇಶ ಬಂದಾಗ ಅವನನ್ನು ಕೇರಿಯ ತುದಿಯವರೆಗೆ ಕರೆದುಕೊಂಡು ಹೋಗಿ ಹೇಳಿದೆ.  ಎರಡೂ ಕಡೆಯ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು.

“ಅಮ್ಮನಿಗೆ ಹೇಳಿದ್ರಾ?”

“ಇಲ್ಲ.”

“ಹೇಳ್ಬೇಡ್ರಿ. ಯಾರಿಗೂ ಹೇಳ್ಬೇಡ್ರಿ. ಊರ್ನೋರು ಶಾಪ ಅಂದ್ಕಂಡ್ರೆ ಅಂದ್ಕಳ್ಳಿ, ಬೈಸ್ಕೊಳ್ಳೋನು ನಾನು.”

“ಲೇ ಚೌಡೇಶ, ಸುಳ್ಳು ಅದು.”

“ಸುಳ್ಳೇ ಇರ್ಲಿ, ಯಜಮಾನ್ರೆ. ಆಯಮ್ಮನ ಕೈಲಿ ನೀರು ಹಾಕ್ಸಿ ನಾವು ಸೀರೆ ನೇಯ್ದು ಉಂಡಿದೀವಿ.”



ಅಂದೇ ಪೆಟ್ಟಿಗೆಯನ್ನು ಚಳ್ಳಕೆರೆಗೆ ತಂದೆವು. ಇನ್ನೊಂದು ಸಲ ಪರೀಕ್ಷೆ ಮಾಡಬೇಕಂತೆ ಎಂದು ತಾಯಿಗೆ ಹೇಳಿದ. ಖಾದರ್ ಸಾಬರ ಅಂಗಡಿಯಲ್ಲಿ ವಾರ್ನಿಷ್ ಹಾಕಿದ ಮೋಟಾರುಗಳನ್ನು ಒಣಗಿಸಲು ದೊಡ್ಡ ಬಲ್ಬುಗಳಿರುವ ಒಂದು ತಗಡಿನ ಗೂಡು ಇದೆ. ಒಳಭಾಗಗಳನ್ನು ಅದರಲ್ಲಿ ಇಟ್ಟು ಬೇಯಿಸಿದೆವು. ಕಪ್ಪಾಗಿದ್ದ ವಾಲ್ವಿನ ಬುಡವೊಂದನ್ನು ಬದಲಿಸಿದೆ. ಪೆಟ್ಟಿಗೆ ಮತ್ತೆ ಮೊಳಕಾಲ್ಮೂರಿಗೆ ಹೋಗಲಿಲ್ಲ. ಚೌಡೇಶನೇ ದಿನಾ ಸಂಜೆ ಬಸ್ಸಿನಲ್ಲಿ ಬಂದು ನನ್ನ ಕೋಣೆಯಲ್ಲಿ ಅಭ್ಯಾಸ ಮಾಡಿ ಕೊನೆಯ ಬಸ್ಸಿಗೆ ಹೋಗುತ್ತಿದ್ದ. ಒಂದು ಎಳೆಯೂ ಹರಿಯಲಿಲ್ಲ. ಖಾದರ್ ಸಾಬರು, ಈಗ ನನಗೂ ಆ ಹಾಡು ಬಾಯಿಪಾಠ, ಬಳ್ಳಾರಿಗೆ ನಾನೂ ಬರುತ್ತೇನೆ ಎನ್ನುತ್ತಿದ್ದರು. ಎಲ್ಲರಿಗೂ ಧೈರ್ಯ ಬಂದಿತ್ತು. ನನಗೆ ಮಾತ್ರ ಒಂದು ಭಯ ಉಳಿದಿತ್ತು. ಪೆಟ್ಟಿಗೆಯ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಅಂದರೆ ಸದ್ದನ್ನು ಸ್ಪೀಕರಿಗೆ ದಾಟಿಸುವ ಭಾಗದಲ್ಲಿ, ಕೂದಲಿನಂಥ ತಂತಿಯನ್ನು ಪದರ ಪದರವಾಗಿ ಸುತ್ತಿ ನಡುವೆ ಕಾಗದ ಇಟ್ಟಿರುತ್ತಾರೆ. ಆ ಕಾಗದ ಆಷಾಢದಿಂದ ತೇವ ಕುಡಿದು, ಬಸ್ಸಿನ ಮೇಲೆ ಒಣಗಿ, ಮತ್ತೆ ಕುಡಿದಿತ್ತು. ಹೊರಗಿನಿಂದ ಅದನ್ನು ನೋಡುವ ಉಪಾಯವಿಲ್ಲ. ಮೀಟರು ಸರಿಯಿದೆ ಎಂದೇ ಹೇಳುತ್ತಿತ್ತು.

ಬಳ್ಳಾರಿಯಲ್ಲಿ ಮೊದಲ ಹಾಡು ಮುಗಿದಾಗ ತಂಡದ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆ ಆಡಿಸಿದರು. ಆ ಒಪ್ಪಿಗೆಯನ್ನು ನಾನು ಕಂಡಿದ್ದೇನೆ. ಎರಡನೆಯ ಹಾಡಿನ ನಡುವೆ ಸದ್ದು ಒಮ್ಮೆಗೇ ನಿಂತಿತು. ಪಟ್ ಎನ್ನಲೂ ಇಲ್ಲ. ಫ್ಯೂಸ್ ಸುಟ್ಟಿತ್ತು, ಬದಲಿಸಿದೆ, ಹಾಕಿದ ತಕ್ಷಣ ಸುಟ್ಟಿತು, ಇನ್ನೊಂದು ಹಾಕಿದೆ, ಅದೂ. ಟ್ರಾನ್ಸ್‌ಫಾರ್ಮರಿನಿಂದ ಸುಟ್ಟ ಕಾಗದದ ವಾಸನೆ ಬಂದಾಗ ಕೈ ಹಿಂದೆ ತೆಗೆದುಕೊಂಡೆ. ಇಷ್ಟೆಲ್ಲ ನಡೆಯುವಾಗ ಚೌಡೇಶ ನುಡಿಸುವುದನ್ನು ನಿಲ್ಲಿಸಿರಲಿಲ್ಲ. ಪೆಟ್ಟಿಗೆಯಿಲ್ಲದ ಆ ಗಿಟಾರಿನ ಸದ್ದು ತಂತಿಗೆ ಉಗುರು ತಾಗಿದಷ್ಟೇ. ಕಣ್ಣು ಮುಚ್ಚಿಕೊಂಡು ಹಾಡಿನ ಕೊನೆಯವರೆಗೆ ಬೆರಳು ಆಡಿಸಿ, ಕೊನೆಯ ಸ್ವರವನ್ನು ಎಳೆದು ಹಿಡಿದು, ಆಮೇಲೆ ಗಿಟಾರನ್ನು ಕೆಳಗಿಟ್ಟ.  ತಂಡದವರು ಒಳ್ಳೆಯ ಜನ. ಊಟ ಮಾಡಿಸಿ ಕಳಿಸಿದರು. ದೀಪಾವಳಿಯವರೆಗೆ ಕಾಯುತ್ತೇವೆ ಎಂದೂ ಹೇಳಿದರು.

ಆ ಟ್ರಾನ್ಸ್‌ಫಾರ್ಮರ್ ಈಗ ಯಾರೂ ಮಾಡುತ್ತಿಲ್ಲ ಎಂಬುದು ವಿಚಾರಿಸಿದ ಮೇಲೆ ತಿಳಿಯಿತು. ಖಾದರ್ ಸಾಬರು ಹಳೆಯದನ್ನು ಬಿಚ್ಚಿ, ಸುತ್ತುಗಳನ್ನು ನೋಡಿಕೊಂಡು, ತಮ್ಮ ಕೈಯಿಂದ ಹೊಸದಾಗಿ ಸುತ್ತಿದರು. ಪೆಟ್ಟಿಗೆ ನುಡಿಯಿತು, ಆದರೆ ಗರ್ಜನೆಯ ಮೇಲ್ತುದಿ ಹೋಗಿತ್ತು. ಕಂಬಳಿ ಹೊದ್ದವನು ಮಾತಾಡಿದ ಹಾಗಿತ್ತು. ಬಿಚ್ಚಿ ಎರಡನೆಯ ಸಲ ಸುತ್ತಿದರು, ಹಾಗೆಯೇ. ಪದರಗಳನ್ನು ಹೆಣೆಯುವ ಕ್ರಮ ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ಮೋಟಾರಾಗಿದ್ದರೆ ನೀರೆತ್ತಿ ತೋರಿಸುತ್ತಿದ್ದೆ ಎಂದು ಅವರು ತಲೆ ತಗ್ಗಿಸಿದರು. ದೀಪಾವಳಿಗೆ ಮುಂಚೆ ಬಳ್ಳಾರಿಯವರಿಗೆ ಬೇರೊಬ್ಬ ಸಿಕ್ಕ. ಚೌಡೇಶ ಈಗ ವಾಲ್ವಿನ ಗರ್ಜನೆಯನ್ನು ಅನುಕರಿಸುವ ಅಂಗೈಯಗಲದ ಡಿಜಿಟಲ್ ಸಾಧನವೊಂದನ್ನು ಇಟ್ಟುಕೊಂಡು ಮದುವೆಗಳಲ್ಲಿ ನುಡಿಸುತ್ತಾನೆ. ಅದು ಕೆಡುವುದಿಲ್ಲ. ಅದರ ಬಗ್ಗೆ ಅವನು ನನ್ನೊಂದಿಗೆ ಮಾತಾಡುವುದೂ ಇಲ್ಲ.

ಹೀಗೆ ಶಾಪದ ಕಥೆಗೆ ಎದುರಿಲ್ಲವಾಯಿತು. ಕಳೆದ ತಿಂಗಳು ಚಹಾ ಅಂಗಡಿಯಿಂದ ಎದ್ದವನು ನೇರವಾಗಿ ರಾಮಕ್ಕನ ಮನೆಗೆ ಹೋದೆ. ಚೌಡೇಶ ಅಂಗಡಿಯಲ್ಲಿದ್ದ. ಆಕೆ ಜಗುಲಿಯ ಮೇಲೆ ನೆರೆಮನೆಯವರ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದರು. ಊರಿನ ಮಾತನ್ನು ನಾನು ಎತ್ತಲಿಲ್ಲ, ಆಕೆಯೇ ಎತ್ತಿದರು.

“ನನ್ ಗಂಡನ ಮಗ್ಗ ಮಗನ ಬಾಳು ಕೆಡಿಸ್ತು ಅಂತಾರಣ್ಣಾ. ಆಯಪ್ಪ ಇದ್ದಾಗ ಒಂದಿನ ಅವನ್ಗೆ ಲೇ ಅಂದೋನಲ್ಲ. ಗಿಟಾರ್ ಮೊದ್ಲು ಕೊಡ್ಸಿದ್ದೇ ಆಯಪ್ಪ. ಸತ್ತೋರ ಮೇಲೆ ಯಾಕೆ ಹಾಕ್ತಾರೆ? ನೀರು ಹಾಕ್ದೋಳು ನಾನು.”

ನಿಮಗೆ ಯಾರು ಹೇಳಿದರು ಎಂದೆ.

“ಯಾರೂ ಹೇಳಿಲ್ಲ. ಬಾಚಣಿಗೆ ಕಾಣದಿದ್ರೆ ಮನೆಯೆಲ್ಲ ಕೂಗಾಡೋ ಮಗ. ಪೆಟ್ಟಿಗೆ ಚಳ್ಳಕೆರೆಗೆ ಹೋದ ಮ್ಯಾಲೆ ಗೋಣಿತಟ್ಟು ಎಲ್ಲೋಯ್ತೋ ಅಂತ ನಾ ಕೇಳಿದ್ರೆ ಗೊತ್ತಿಲ್ಲಮ್ಮ ಅಂದು ಆಚೆ ಹೋದ. ಗುಂಡಿ ಗೋಡ್ಯಾಗೆ ಮೊಳೆನೂ ಇರ್ಲಿಲ್ಲ, ಅವ್ನೇ ಕಿತ್ತಿದ್ದ. ಕೆಡಿಸಿದ್ದು ನನ್ ನೀರೇ ಅಂತ ಆವತ್ತೇ ತಿಳೀತು.”

ಮೂರು ವರ್ಷ ಇಬ್ಬರೂ ಒಂದೇ ಸಂಗತಿಯನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಒಂದೇ ಮನೆಯಲ್ಲಿ ಉಂಡಿದ್ದರು. ಮಗನಿಗೆ ಹೇಳಬಾರದೇ ಎಂದು ಕೇಳಿದೆ.

“ನಾನು ಬಾಯಿ ತೆಗೆದ್ರೆ ಅವ್ನು ಸುಮ್ನಿರು ಅಂತಾನೆ. ನೀವು ಪೇಪರ್ಗೆಲ್ಲ ಬರೀತೀರಂತೆ, ಬರೀರಿ. ಅವ್ನು ಓದ್ಲಿ. ನನ್ಗೆ ಓದಾಕೆ ಬರಲ್ಲ, ಅವ್ನೇ ನನ್ಗೆ ಓದಿ ಹೇಳ್ಬೇಕಾಗ್ತೈತೆ.”

ಅದಕ್ಕಾಗಿ ಇದನ್ನು ಬರೆದಿದ್ದೇನೆ. ಸುಟ್ಟ ವಾಲ್ವಿನ ಬುಡ, ಖಾದರ್ ಸಾಬರು ಬಿಚ್ಚಿದ ಟ್ರಾನ್ಸ್‌ಫಾರ್ಮರಿನ ಕಾಗದ, ತಂತಿ ಎಲ್ಲವೂ ಚಳ್ಳಕೆರೆಯ ನನ್ನ ಕೋಣೆಯಲ್ಲಿವೆ. ಯಾರು ಬಂದರೂ ತೋರಿಸುತ್ತೇನೆ. ಅಷ್ಟರಿಂದ ತೃಪ್ತಿಯಾಗದವರು ಮೊಳಕಾಲ್ಮೂರಿಗೆ ಹೋಗಿ ನೇಕಾರರ ಕೇರಿಯಲ್ಲಿ ರಾಮಕ್ಕನ ಮನೆ ಕೇಳಬಹುದು. ಬೆಳಗಿನ ಹೊತ್ತು ಆಕೆ ಜಗುಲಿಯ ಮೇಲೆ ಇರುತ್ತಾರೆ, ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಾರೆ. ಹೋಗುವವರು ಒಂದೆರಡು ವಾರ ತಡೆದು ಹೋಗಿ. ಮೊದಲು ಅವರ ಮಗ ಇದನ್ನು ಓದಿ ಹೇಳಿ ಮುಗಿಸಲಿ.